ಚುಕ್ಕಿ ನಿಂತರೆ ಓಡಿಬರುವವರು ಯಾರು?

ಜನವರಿ ಬಂತೆಂದರೆ ಸೌದಿ ಅರೇಬಿಯಾದ ಮರಳಿನಲ್ಲಿ ಡಾಕರ್ ರ‍್ಯಾಲಿ ಶುರುವಾಗುತ್ತದೆ. ಸುಮಾರು ಎರಡು ವಾರ ಬೈಕು, ಕಾರು, ಲಾರಿಗಳು ರಸ್ತೆಯೇ ಇಲ್ಲದ ಕಡೆ ದಿನಕ್ಕೆ ನೂರಾರು ಕಿಲೋಮೀಟರ್ ಓಡುತ್ತವೆ. ಜುಬೈಲ್, ದಮ್ಮಾಮ್, ರಿಯಾದ್ ಕಡೆ ದುಡಿಯುವ ನಮ್ಮ ಹುಡುಗರು ರಜೆ ಸಿಕ್ಕರೆ ಅದನ್ನು ನೋಡಲು ಹೋಗುವುದುಂಟು. ನಾನಿರುವ ಶಹಾಪುರದಲ್ಲೂ, ಆಚೀಚೆ ಸುರಪುರ, ಯಾದಗಿರಿಯಲ್ಲೂ ಹುಡುಗರು ಮೊಬೈಲಿನಲ್ಲಿ ಅದರ ತುಣುಕುಗಳನ್ನು ನೋಡುತ್ತಾರೆ. ಹಿರಿಯರು ಕೇಳುತ್ತಾರೆ, "ಪೆಟ್ರೋಲ್ ಸುಟ್ಟು, ಮರಳಲ್ಲಿ ಬಿದ್ದು ಎದ್ದು ಬರೋದ್ರಲ್ಲಿ ಏನು ಲಾಭ?" ಅಂತ.

ಕೇಳುವುದು ತಪ್ಪಲ್ಲ. ಆಟ ಬೇಕೋ ಬೇಡವೋ ಎಂಬ ಚರ್ಚೆ ಬೇರೆ ಇಟ್ಟುಕೊಳ್ಳೋಣ. ಆದರೆ ಆ ಬೈಕಿಗೆ ಕಟ್ಟಿರುವ ಒಂದು ಸಣ್ಣ ಪೆಟ್ಟಿಗೆಯ ಬಗ್ಗೆ ನಮ್ಮ ಮನೆಗಳಲ್ಲಿ ಮಾತಾಡಲೇಬೇಕು. ಯಾಕೆಂದರೆ ಅದೇ ಮರಳುಗಾಡಿನಲ್ಲಿ ನಮ್ಮವರು ಆಟಕ್ಕಲ್ಲ, ಹೊಟ್ಟೆಪಾಡಿಗೆ ಗಾಡಿ ಓಡಿಸುತ್ತಾರೆ.

ಈ ಓಟ ಹುಟ್ಟಿದ್ದೇ ದಾರಿ ತಪ್ಪಿದ ಒಬ್ಬ ಮನುಷ್ಯನಿಂದ. ಫ್ರಾನ್ಸಿನ ತಿಯೆರಿ ಸಬೀನ್ ಎಂಬವರು 1977ರಲ್ಲಿ ಅಬಿಜಾನ್–ನೀಸ್ ರ‍್ಯಾಲಿಯಲ್ಲಿ ಬೈಕ್ ಓಡಿಸುವಾಗ ಲಿಬಿಯಾದ ಮರಳುಗಾಡಿನಲ್ಲಿ ಕಳೆದುಹೋದರು. ಹೇಗೋ ಜೀವ ಉಳಿಯಿತು. ಮರುವರ್ಷ, 1978ರ ಡಿಸೆಂಬರ್ 26ರಂದು, ಪ್ಯಾರಿಸ್‌ನಿಂದ ಸೆನೆಗಲ್‌ನ ಡಾಕರ್ ನಗರಕ್ಕೆ ಓಟ ಹೊರಡಿಸಿದರು. ಭಯೋತ್ಪಾದನೆಯ ಹೆದರಿಕೆಯಿಂದ 2008ರ ಓಟ ರದ್ದಾಯಿತು. 2009ರಿಂದ ಅದು ದಕ್ಷಿಣ ಅಮೆರಿಕಕ್ಕೆ ಹೋಯಿತು. 2020ರಿಂದ ಸೌದಿಯಲ್ಲಿ ನಡೆಯುತ್ತಿದೆ. ಹೆಸರು ಮಾತ್ರ ಡಾಕರ್ ಎಂದೇ ಉಳಿಯಿತು.

ನಮ್ಮ ರಾಜ್ಯದವರಿಗೂ ಇದು ದೂರದ ಸಂಗತಿಯಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ 36ನೇ ಸ್ಥಾನದಲ್ಲಿ ಡಾಕರ್ ಮುಗಿಸಿ, ಅದನ್ನು ಪೂರ್ತಿ ಮಾಡಿದ ಮೊದಲ ಭಾರತೀಯ ಎನಿಸಿದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಪೆರುವಿನಲ್ಲಿ 37ನೆಯವರಾಗಿ ಮುಗಿಸಿದರು. ಬಿಗ್ ಬಾಸ್ ನೋಡಿದವರಿಗೆ ಅವರ ಮುಖ ಗೊತ್ತು, ಮರಳಿನಲ್ಲಿ ಓಡಿದ್ದು ಹೆಚ್ಚಿನವರಿಗೆ ಗೊತ್ತಿಲ್ಲ. ಪಕ್ಕದ ಕೇರಳದ ಶೊರ್ನೂರಿನ ಹಾರಿತ್ ನೋವಾ 2024ರಲ್ಲಿ 11ನೇ ಸ್ಥಾನಕ್ಕೆ ಬಂದು ತಮ್ಮ ವಿಭಾಗವನ್ನು ಗೆದ್ದರು. ಇವರೆಲ್ಲ ಕಂಪೆನಿ ತಂಡಗಳ ಪರ ಓಡಿದವರು. ಹಿಂದೆ ಮೆಕ್ಯಾನಿಕ್, ಡಾಕ್ಟರ್, ಮ್ಯಾನೇಜರ್ ಎಲ್ಲ ಇರುತ್ತಾರೆ.

ಆದರೆ ಓಟದಲ್ಲಿ ಹೆಚ್ಚಿನವರು ಇಂಥವರಲ್ಲ. ಅವರು ಹವ್ಯಾಸಿಗಳು. ವರ್ಷಗಟ್ಟಲೆ ದುಡ್ಡು ಕೂಡಿಟ್ಟು, ಕೆಲಸಕ್ಕೆ ರಜೆ ಹಾಕಿ ಬಂದವರು. ಅವರಲ್ಲಿ ಒಂದು ಗುಂಪು ಇನ್ನೂ ಕಷ್ಟದ್ದು. ಹಿಂದೆ ಅದಕ್ಕೆ 'ಮಾಲ್ ಮೋಟೋ' ಎನ್ನುತ್ತಿದ್ದರು, ಅಂದರೆ ಟ್ರಂಕು ಪೆಟ್ಟಿಗೆಯ ಸವಾರರು. ಒಬ್ಬ ಸವಾರನಿಗೆ 80 ಲೀಟರಿನ ಒಂದು ಟ್ರಂಕು, ಒಂದು ಟೆಂಟು, ಬದಲಿ ಚಕ್ರ, ಇಂಥ ಕೆಲವೇ ಸಾಮಾನುಗಳನ್ನು ಸಂಘಟಕರು ಮುಂದಿನ ಬಿಡಾರಕ್ಕೆ ಸಾಗಿಸುತ್ತಾರೆ. ಮೆಕ್ಯಾನಿಕ್ ಇಲ್ಲ. ಹಗಲೆಲ್ಲ ಬೈಕ್ ಓಡಿಸಿ, ರಾತ್ರಿ ತಾನೇ ಸ್ಪ್ಯಾನರ್ ಹಿಡಿದು ಕೂರಬೇಕು.

ಹೆಲಿಕಾಪ್ಟರಿನ ಕ್ಯಾಮೆರಾ ಇಂಥವರ ಹಿಂದೆ ಹೋಗುವುದಿಲ್ಲ. ಅದು ಮುಂದೆ ಓಡುವ ಹತ್ತಾರು ಮಂದಿಯ ಹಿಂದೆ ಇರುತ್ತದೆ. ಎಂಬತ್ತನೆಯವನಾಗಿ, ನೂರನೆಯವನಾಗಿ ಓಡುವವನ ಕಥೆ ಟಿವಿಯಲ್ಲಿ ಬರೋದಿಲ್ಲ. ಹಾಗಾಗಿ ಹವ್ಯಾಸಿಗಳು ತಮ್ಮ ಓಟವನ್ನು ತಾವೇ ದಾಖಲು ಮಾಡಲು ಕಲಿತರು. ಹೆಲ್ಮೆಟ್ಟಿಗೆ ಬೆರಳುದ್ದದ ಕ್ಯಾಮೆರಾ, ಬಿಡಾರದಲ್ಲಿ ಮೊಬೈಲು. ಬ್ರಿಟನ್ನಿನ ಲಿಂಡನ್ ಪೋಸ್ಕಿಟ್ ಎಂಬ ಸವಾರ ಟ್ರಂಕು ಪೆಟ್ಟಿಗೆಯ ವಿಭಾಗದಲ್ಲಿ ಓಡುತ್ತಲೇ ತನ್ನ ದಿನಚರಿಯನ್ನು ಯೂಟ್ಯೂಬಿನಲ್ಲಿ ಹಾಕಿದರು. ಧೂಳು, ನಿದ್ದೆಗೇಡು, ಮುರಿದ ಬಿಡಿಭಾಗ, ಎಲ್ಲ ಅದರಲ್ಲಿವೆ. ಗೆದ್ದವರ ವೀಡಿಯೊಗಿಂತ ಅದರಲ್ಲಿ ಕಲಿಯಲು ಹೆಚ್ಚು ಸಿಗುತ್ತದೆ.

ಮನೆಯವರಿಗೆ ವೀಡಿಯೊ ಬರುವುದು ಮರುದಿನ, ಇಲ್ಲವೇ ವಾರ ಕಳೆದು. ಆ ಹೊತ್ತಿಗೆ ಬೇಕಾದ್ದು ಒಂದೇ ಸುದ್ದಿ: ಈಗ ಎಲ್ಲಿದ್ದಾನೆ? ಅದಕ್ಕಾಗಿ ಇರುವುದು ಆ ಪೆಟ್ಟಿಗೆ. ಡಾಕರ್‌ನಲ್ಲಿ ಇದಕ್ಕೆ ಇರಿಟ್ರ್ಯಾಕ್ ಎಂಬ ಹೆಸರು. ಮೊಬೈಲ್ ಟವರಿನ ಹಂಗಿಲ್ಲದೆ ಇರಿಡಿಯಂ ಉಪಗ್ರಹಗಳ ಮೂಲಕ ಅದು ವಾಹನದ ಜಾಗವನ್ನು ನಿಯಂತ್ರಣ ಕೊಠಡಿಗೆ ಕಳಿಸುತ್ತಿರುತ್ತದೆ. ಅಲ್ಲಿನ ಪರದೆಯಲ್ಲಿ ಒಬ್ಬೊಬ್ಬ ಸವಾರನೂ ಒಂದೊಂದು ಚುಕ್ಕಿ. ಆಪತ್ತಿಗೆ ಒತ್ತಲು ಗುಂಡಿ ಇದೆ. ಮನೆಯವರು ಸಂಘಟಕರ ಆ್ಯಪ್‌ನಲ್ಲಿ ಸವಾರನ ನಂಬರು ಹುಡುಕಿ, ಯಾವ ಗುರುತನ್ನು ಎಷ್ಟು ಗಂಟೆಗೆ ದಾಟಿದ ಎಂದು ನೋಡಬಹುದು. ಬೇರೆ ಕೆಲವು ಚಿಕ್ಕ ಓಟಗಳಲ್ಲಿ ಆ ಚುಕ್ಕಿಯನ್ನೇ ಎಲ್ಲರಿಗೂ ತೋರಿಸುತ್ತಾರೆ.

ಇಲ್ಲೊಂದು ತಮಾಷೆ ಇದೆ. ಓಡುವವನಿಗೆ ಪೂರ್ತಿ ನಕ್ಷೆ ಕೊಡುವುದಿಲ್ಲ. 'ಇಷ್ಟು ಕಿಲೋಮೀಟರಿಗೆ ಎಡಕ್ಕೆ, ಇಷ್ಟಕ್ಕೆ ಹಳ್ಳ' ಎಂಬ ಗುರುತುಗಳ ರೋಡ್‌ಬುಕ್ ಮಾತ್ರ ಕೊಡುತ್ತಾರೆ. ಹಿಂದೆ ಅದು ಕಾಗದದ ಸುರುಳಿ, ಈಗ ಪುಟ್ಟ ಪರದೆ. ದಾರಿ ಹುಡುಕುವುದೇ ಅವನ ಪರೀಕ್ಷೆ. ಆದರೆ ಅವನು ಕಳೆದುಹೋದರೂ ಅವನನ್ನು ಕಾಯುವವರಿಗೆ ಅವನು ಕಳೆದುಹೋಗಬಾರದು. ಈ ವ್ಯವಸ್ಥೆಯ ತಿರುಳು ಇಷ್ಟೇ.

ಪೆಟ್ಟಿಗೆ ಇಲ್ಲದ ಕಾಲ ಹೇಗಿತ್ತು? 1982ರ ಜನವರಿಯಲ್ಲಿ ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಮಗ ಮಾರ್ಕ್ ಥ್ಯಾಚರ್ ಇದೇ ಓಟದಲ್ಲಿ, ಸಹಾರದಲ್ಲಿ, ಕಾಣೆಯಾದರು. ಪ್ರಧಾನಿಯ ಮಗನೆಂದು ಮಿಲಿಟರಿ ವಿಮಾನಗಳೇ ಹುಡುಕಿದವು. ಆದರೂ ಆರು ದಿನ ಹಿಡಿಯಿತು. ದಾರಿಯಿಂದ ಸುಮಾರು 50 ಕಿಲೋಮೀಟರ್ ಆಚೆ ಸಿಕ್ಕರು. ಪ್ರಧಾನಿಯ ಮಗನಿಗೇ ಆರು ದಿನವಾದರೆ ಕೂಲಿಯವನ ಮಗನ ಗತಿ ಏನಿರಬಹುದು?

ಈಗ 2020ಕ್ಕೆ ಬನ್ನಿ. ಜನವರಿ 12ರಂದು ರಿಯಾದ್‌ನಿಂದ ವಾದಿ ದವಾಸಿರ್‌ಗೆ ಹೋಗುವ ಹಂತದಲ್ಲಿ ಪೋರ್ಚುಗಲ್ಲಿನ ಪೌಲೋ ಗೊನ್ಸಾಲ್ವೆಸ್ ಬಿದ್ದರು. ಭಾರತದ ಹೀರೋ ತಂಡದ ಸವಾರ ಅವರು. ಬೆಳಿಗ್ಗೆ 10.08ಕ್ಕೆ ಸೂಚನೆ ಬಂತು, 10.16ಕ್ಕೆ ವೈದ್ಯರ ಹೆಲಿಕಾಪ್ಟರ್ ಇಳಿಯಿತು. ಎಂಟೇ ನಿಮಿಷ. ಆದರೂ ಅವರು ಉಳಿಯಲಿಲ್ಲ. ಮರುವರ್ಷ ಜನವರಿ 6ರಂದು, ವಾದಿ ದವಾಸಿರ್‌ನಿಂದ ರಿಯಾದ್‌ಗೆ ಬರುವ ಹಂತದಲ್ಲಿ ನಮ್ಮ ಸಂತೋಷ್ ಬಿದ್ದು ತಲೆಗೆ ಪೆಟ್ಟಾಯಿತು. ಹೆಲಿಕಾಪ್ಟರಿನಲ್ಲಿ ರಿಯಾದ್ ಆಸ್ಪತ್ರೆಗೆ ಒಯ್ದರು, ಔಷಧಿ ಕೊಟ್ಟು ಕೋಮಾದಲ್ಲಿಟ್ಟರು. ಅವರು ಚೇತರಿಸಿಕೊಂಡು ಊರಿಗೆ ಮರಳಿದರು. 2024ರಲ್ಲಿ ಸ್ಪೇನಿನ ಹವ್ಯಾಸಿ ಸವಾರ ಕಾರ್ಲೆಸ್ ಫಾಲ್ಕೋನ್ ಎರಡನೇ ಹಂತದಲ್ಲಿ ಬಿದ್ದು, ಒಂದು ವಾರದ ಬಳಿಕ ತೀರಿಕೊಂಡರು.

ಅಂದರೆ ಪೆಟ್ಟಿಗೆ ಜೀವಕ್ಕೆ ಗ್ಯಾರಂಟಿ ಕೊಡುವುದಿಲ್ಲ. ಹುಡುಕಾಟ ಎಂಬುದನ್ನು ಆರು ದಿನದಿಂದ ಎಂಟು ನಿಮಿಷಕ್ಕೆ ಇಳಿಸುತ್ತದೆ. ಅದೂ ತಾನಾಗಿ ಇಳಿಸುವುದಿಲ್ಲ. ಪರದೆಯ ಮುಂದೆ ಕೂತವನೊಬ್ಬ, ರೆಡಿಯಾಗಿ ನಿಂತ ಹೆಲಿಕಾಪ್ಟರ್, ಅದರಲ್ಲಿ ಡಾಕ್ಟರ್, ಇಷ್ಟು ಇದ್ದರೆ ಇಳಿಯುತ್ತದೆ. ಜೊತೆಗೆ ಒಂದು ನಿಯಮ ಇದೆ: ಬಿದ್ದವನ ಸಹಾಯಕ್ಕೆ ನಿಂತ ಸವಾರನಿಗೆ ಅವನು ಕಳೆದುಕೊಂಡ ಸಮಯವನ್ನು ಲೆಕ್ಕದಲ್ಲಿ ವಾಪಸ್ ಕೊಡುತ್ತಾರೆ. ಗೊನ್ಸಾಲ್ವೆಸ್ ಬಿದ್ದಾಗ ಹಿಂದಿನ ವರ್ಷದ ಚಾಂಪಿಯನ್ ಆಸ್ಟ್ರೇಲಿಯಾದ ಟೋಬಿ ಪ್ರೈಸ್ ಓಟ ಬಿಟ್ಟು ಅವರ ಪಕ್ಕದಲ್ಲಿ ನಿಂತರು. ನಿಲ್ಲುವವನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದೂ ಸುರಕ್ಷೆಯ ಭಾಗ. ನಮ್ಮ ಹೆದ್ದಾರಿಗಳಲ್ಲಿ ಬಿದ್ದವನ ಸುತ್ತ ನಿಂತು ವೀಡಿಯೊ ಮಾಡುವವರಿಗೆ ಇದು ಗೊತ್ತಾಗಬೇಕು.

ಇನ್ನು ಆಟದ ಮರಳಿನಿಂದ ದುಡಿಮೆಯ ಮರಳಿಗೆ ಬರೋಣ. 2024ರ ಆಗಸ್ಟ್‌ನಲ್ಲಿ ಒಂದು ಸುದ್ದಿ ಬಂತು. ನಮ್ಮ ಯಾದಗಿರಿಗೆ ಗಡಿಯಾದ ತೆಲಂಗಾಣದ ಯುವಕನೊಬ್ಬ, ಸೌದಿಯಲ್ಲಿ ಟೆಲಿಕಾಂ ಕಂಪೆನಿಯೊಂದರ ಕೆಲಸಕ್ಕಿದ್ದವನು, ಸೂಡಾನಿನ ಸಂಗಡಿಗನೊಂದಿಗೆ ರುಬುಲ್ ಖಾಲಿ ಮರಳುಗಾಡಿನಲ್ಲಿ ದಾರಿ ತಪ್ಪಿದ. ಜಿಪಿಎಸ್ ಕೈಕೊಟ್ಟಿತು, ಗಾಡಿಯ ಎಣ್ಣೆ ಮುಗಿಯಿತು, ಫೋನಿನ ಚಾರ್ಜೂ ಹೋಯಿತು. ಇಬ್ಬರೂ ನೀರಿಲ್ಲದೆ ತೀರಿಹೋದರು. ಸಿಕ್ಕಿದ್ದು ದಿನಗಳು ಕಳೆದ ಮೇಲೆ.

ರುಬುಲ್ ಖಾಲಿ ಎಂದರೆ ಸುಮಾರು ಆರೂವರೆ ಲಕ್ಷ ಚದರ ಕಿಲೋಮೀಟರ್, ಮೂರು ಕರ್ನಾಟಕಕ್ಕಿಂತ ದೊಡ್ಡದು. ಅದೇ ವರ್ಷ ಜನವರಿಯಲ್ಲಿ ಡಾಕರ್‌ನ ಸವಾರರು ಅದೇ ಮರಳಿನಲ್ಲಿ ಎರಡು ದಿನದ ಒಂದು ಹಂತ ಓಡಿದ್ದರು. ಸಂಜೆ ನಾಲ್ಕಕ್ಕೆ ಎಲ್ಲಿದ್ದರೋ ಅದರ ಮುಂದಿನ ತಂಗುದಾಣದಲ್ಲಿ ರಾತ್ರಿ ಕಳೆಯಬೇಕಿತ್ತು, ಅವರ ತಂಡದವರು ಯಾರೂ ಹತ್ತಿರ ಇರಲಿಲ್ಲ. ಆದರೂ ಒಬ್ಬೊಬ್ಬರ ಮೇಲೂ ಕಣ್ಣಿತ್ತು. ಏಳು ತಿಂಗಳ ಬಳಿಕ ಅದೇ ಮರಳುಗಾಡಿಗೆ ಸಂಬಳಕ್ಕೆ ಹೋದ ಇಬ್ಬರ ಮೇಲೆ ಯಾರ ಕಣ್ಣೂ ಇರಲಿಲ್ಲ. ನನ್ನ ತಕರಾರು ಇದೇ. ಸಂತೋಷಕ್ಕೆ ಓಡುವವನಿಗೆ ಸಿಕ್ಕಿದ್ದು ಸಂಬಳಕ್ಕೆ ಓಡುವವನಿಗೆ ಯಾಕೆ ಸಿಗಬಾರದು?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ತುಂಬ ಜನ "ಮೊಬೈಲಲ್ಲಿ ಜಿಪಿಎಸ್ ಉಂಟಲ್ಲ, ಮತ್ತೇನು ಹೆದರಿಕೆ" ಅನ್ನುತ್ತಾರೆ. ಜಿಪಿಎಸ್ ನಿಮಗೆ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. ಬೇರೆಯವರಿಗೆ ಹೇಳುವುದಿಲ್ಲ. ಫೋನು ಉಪಗ್ರಹದಿಂದ ಸಂಕೇತ ಪಡೆಯುತ್ತದೆ ಅಷ್ಟೇ, ಆ ಸಂಕೇತದ ದಾರಿಯಲ್ಲಿ ವಾಪಸ್ ಏನನ್ನೂ ಕಳಿಸುವುದಿಲ್ಲ. ನಿಮ್ಮ ಜಾಗವನ್ನು ಮನೆಗೆ ತಿಳಿಸಬೇಕಾದರೆ ಮೊಬೈಲ್ ಟವರು ಬೇಕು, ಇಲ್ಲವೇ ಉಪಗ್ರಹಕ್ಕೆ ಮಾತಾಡಬಲ್ಲ ಬೇರೆ ಸಾಧನ ಬೇಕು. ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ ಕೂಡ ಹಾಗೆಯೇ. 15 ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂದು ಮೂರು ಆಯ್ಕೆ ಇವೆ. ಟವರು ತಪ್ಪಿದ ಕ್ಷಣಕ್ಕೆ ಚುಕ್ಕಿ ನಿಂತುಬಿಡುತ್ತದೆ. ಗಾಡಿ ನಿಂತಿತೋ ನೆಟ್‌ವರ್ಕ್ ನಿಂತಿತೋ ಮನೆಯವರಿಗೆ ಗೊತ್ತಾಗುವುದಿಲ್ಲ.

ನಮ್ಮ ಕರಾವಳಿಯವರಿಗೆ ಈ ನೋವು ಹೊಸತಲ್ಲ. ಮರಳಿನ ಬದಲು ಅಲ್ಲಿ ನೀರು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮೀನುಗಾರರನ್ನು ಹೊತ್ತು ಹೊರಟ 'ಸುವರ್ಣ ತ್ರಿಭುಜ' ಬೋಟು ಸುದ್ದಿಯೇ ಇಲ್ಲದೆ ಹೋಯಿತು. ತಿಂಗಳುಗಟ್ಟಲೆ ಮನೆಯವರು ಕಾದರು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಕಡೆಯ ಸಮುದ್ರದಡಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಬೋಟಿನ ಜಾಗ ಗಂಟೆಗಂಟೆಗೆ ದಡಕ್ಕೆ ತಿಳಿಯುತ್ತಿದ್ದರೆ ಏಳು ಜೀವ ಉಳಿಯುತ್ತಿತ್ತೋ ಇಲ್ಲವೋ ನಾವು ಹೇಳಲಾಗದು. ಆದರೆ ಏಳು ಮನೆಗಳು ಅಷ್ಟು ದಿನ ಬಾಗಿಲು ನೋಡುತ್ತಾ ಕೂರಬೇಕಾಗಿರಲಿಲ್ಲ.

ಈಗ ಆ ವಿಷಯದಲ್ಲಿ ಸ್ವಲ್ಪ ಕೆಲಸ ಆಗಿದೆ. ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಪೆಟ್ಟಿಗೆಗಳನ್ನು ದೇಶದ ಒಂದು ಲಕ್ಷ ಮೀನುಗಾರಿಕೆ ಬೋಟುಗಳಿಗೆ ಹಾಕುವ ಯೋಜನೆಯನ್ನು ಕೇಂದ್ರ ಸರಕಾರ 2024ರ ಆಗಸ್ಟ್‌ನಲ್ಲಿ ಶುರು ಮಾಡಿತು. ಟವರಿಲ್ಲದ ಸಮುದ್ರದಲ್ಲೂ ದಡದಿಂದ ಬೋಟಿಗೆ, ಬೋಟಿನಿಂದ ದಡಕ್ಕೆ ಸಂದೇಶ ಹೋಗುತ್ತದೆ. ಓಟದ ಬೈಕಿನ ಪೆಟ್ಟಿಗೆಗೂ ಇದಕ್ಕೂ ಕೆಲಸ ಒಂದೇ. ಆಟದವರಿಗೆ ಮಾತ್ರ ಸಾಧ್ಯ, ದುಡಿಯುವವರಿಗೆ ದುಬಾರಿ ಎನ್ನುವ ಮಾತು ಇಲ್ಲಿಗೆ ಸುಳ್ಳಾಯಿತು. ಮನಸ್ಸು ಮಾಡಿದರೆ ಆಗುತ್ತದೆ.

ಯಾದಗಿರಿ ಜಿಲ್ಲೆಯಲ್ಲಿ ಮರಳುಗಾಡಿಲ್ಲ. ಕೃಷ್ಣೆ, ಭೀಮೆ ಹರಿಯುವ ಸೀಮೆ ಇದು. ಆದರೆ ನಾರಾಯಣಪುರ ಎಡದಂಡೆ ಕಾಲುವೆಯ ದಂಡೆಗಳ ಮೇಲೆ, ಶಹಾಪುರ, ಸುರಪುರದ ಗುಡ್ಡದ ಹಾದಿಗಳಲ್ಲಿ ಹುಡುಗರು ಬೈಕ್ ಹಾರಿಸಿ ರೀಲ್ಸ್ ಮಾಡುವುದು ಕಾಣುತ್ತದೆ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಮೊಬೈಲ್. ಡಾಕರ್ ನೋಡಿ ಕಲಿತದ್ದು ಇದನ್ನಂತೆ. ಅಲ್ಲಿನ ಸವಾರ ಕ್ಯಾಮೆರಾವನ್ನು ಹೆಲ್ಮೆಟ್ಟಿಗೆ ಬಿಗಿಯುತ್ತಾನೆ, ಕೈ ಎರಡೂ ಹ್ಯಾಂಡಲ್ ಮೇಲೆ ಇರುತ್ತವೆ. ಬಿದ್ದರೆ ಉಬ್ಬಿ ಎದೆ, ಬೆನ್ನು ಕಾಯುವ ಏರ್‌ಬ್ಯಾಗ್ ಜಾಕೀಟು ಅಲ್ಲಿ 2021ರಿಂದ ಕಡ್ಡಾಯ. ಇಲ್ಲಿ ಹೆಲ್ಮೆಟ್ಟೂ ಮನೆಯ ಮೊಳೆಗೆ ನೇತಾಡುತ್ತಿರುತ್ತದೆ. "ಎಲ್ಲಿಗಿ ಹೊಂಟಿ?" ಅಂದರೆ "ಇಲ್ಲೇ ಹೋಗಿ ಬರ್ತೀನ್ರಿ" ಅನ್ನುವುದೊಂದೇ ಉತ್ತರ. ಆಟ ನೋಡಿ ಕಲಿಯುವುದಿದ್ದರೆ ಪೂರ್ತಿ ಕಲಿಯಲಿ. ಹೋಗುವ ದಾರಿ, ವಾಪಸ್ ಬರುವ ಹೊತ್ತು ಹೇಳಿ ಹೋಗಲಿ. ಒಬ್ಬನೇ ಹೋಗದಿರಲಿ. ಬಿದ್ದವನನ್ನು ಕಂಡರೆ ಮೊದಲು 112ಕ್ಕೆ ಒತ್ತಲಿ, ಕ್ಯಾಮೆರಾ ಆಮೇಲೆ.

ಕೆಲವರು ಇದಕ್ಕೆ ಎದುರು ಹೇಳುವುದೂ ಉಂಟು. "ಕಂಪೆನಿ ಗಾಡಿಗಳಲ್ಲಿ ಟ್ರ್ಯಾಕರ್ ಈಗಲೇ ಉಂಟು. ಡ್ರೈವರ್ ಚಹಾಕ್ಕೆ ಹತ್ತು ನಿಮಿಷ ನಿಂತರೂ ಸೂಪರ್‌ವೈಸರ್ ಫೋನ್ ಮಾಡ್ತಾನೆ. ಅದು ಕಾಯೋದಕ್ಕಲ್ಲ, ಕಾಡೋದಕ್ಕೆ" ಅಂತ. ಈ ಮಾತಲ್ಲಿ ಸತ್ಯವಿದೆ. ಹೆಚ್ಚಿನ ಗಾಡಿಗಳ ಟ್ರ್ಯಾಕರ್ ಮೊಬೈಲ್ ಟವರಿನ ಮೇಲೆ ಕೆಲಸ ಮಾಡುತ್ತದೆ. ಊರೊಳಗೆ ಡ್ರೈವರನ ಮೇಲೆ ಕಣ್ಣಿಡಲು ಅದು ಸಾಕು, ಟವರಿಲ್ಲದ ಮರಳಿನಲ್ಲಿ ಅವನು ಸಿಕ್ಕಿಬಿದ್ದಾಗ ಅದು ಕುರುಡು. ಆದ್ದರಿಂದಲೇ ಪೆಟ್ಟಿಗೆ ಇದೆಯಾ ಎಂದಷ್ಟೇ ಕೇಳಿದರೆ ಸಾಲದು. ಚುಕ್ಕಿ ನಿಂತರೆ ಆ ಕಡೆ ಏಳುವವರು ಯಾರು ಎಂದು ಕೇಳಬೇಕು. ನಮ್ಮ ದೇಶದಲ್ಲೂ 2019ರಿಂದ ಹೊಸ ಪ್ರಯಾಣಿಕ ಬಸ್ಸು, ಟ್ಯಾಕ್ಸಿಗಳಿಗೆ ಸ್ಥಳ ತಿಳಿಸುವ ಸಾಧನ ಮತ್ತು ಆಪತ್ತಿನ ಗುಂಡಿ ಇರಬೇಕೆಂಬ ನಿಯಮ ಬಂದಿದೆ. ಅದಕ್ಕೂ ಇದೇ ಪ್ರಶ್ನೆ ಅನ್ವಯ.

ಹಾಗಾದರೆ ಮನೆಯವರು ಏನು ಮಾಡಬಹುದು? ಮಗನೋ ತಮ್ಮನೋ ಗಲ್ಫಿಗೆ ಹೊರಡುವಾಗ ನಾವು ಸಂಬಳ ಎಷ್ಟು, ರೂಮು ಹೇಗೆ, ರಜೆ ಯಾವಾಗ ಎಂದು ಕೇಳುತ್ತೇವೆ. ಅದರ ಜೊತೆ ಇನ್ನು ಮೂರು ಮಾತು ಕೇಳಿ. ಕೆಲಸ ಪಟ್ಟಣದ ಹೊರಗೆ, ಟವರಿಲ್ಲದ ಕಡೆಗೂ ಇರುತ್ತದಾ? ಇದ್ದರೆ ಉಪಗ್ರಹದ ಫೋನೋ ಸಂದೇಶ ಕಳಿಸುವ ಸಾಧನವೋ ಗಾಡಿಯಲ್ಲಿ ಇರುತ್ತದಾ? ಎಷ್ಟು ಗಂಟೆ ಸುದ್ದಿ ಬಾರದಿದ್ದರೆ ಕಂಪೆನಿ ಹುಡುಕಲು ಶುರು ಮಾಡುತ್ತದೆ, ಅದನ್ನು ನೋಡುವ ಮನುಷ್ಯನ ಹೆಸರು, ನಂಬರ್ ಏನು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಮೊದಲ ಎರಡರಿಂದ ಪ್ರಯೋಜನವಿಲ್ಲ.

ಹೋಗುವವನಿಗೂ ಕೆಲವು ಮಾತು. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ, ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಪವರ್ ಬ್ಯಾಂಕ್, ಬೇಕಾದ್ದಕ್ಕಿಂತ ಹೆಚ್ಚು ನೀರು ಇರಲಿ. ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆಯಬೇಡಿ, ಮೇಲಿನಿಂದ ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ. ಸೌದಿಯಲ್ಲಿ ಕಳೆದುಹೋದವರನ್ನು ಹುಡುಕುವ 'ಇನ್‌ಜಾದ್' ಎಂಬ ಸ್ವಯಂಸೇವಕರ ಸಂಸ್ಥೆಯೇ ಇದೆ. ಮರಳಿನಲ್ಲಿ ಗಾಡಿ ಓಡಿಸಲು ಬಲ್ಲವರು ಆ ಕೌಶಲವನ್ನು ಇಲ್ಲಿಗೆ ಉಪಯೋಗಿಸುತ್ತಾರೆ. ಇಂಥವರ ನಂಬರು ಫೋನಿನಲ್ಲಿರಲಿ.

ಒಂದು ಎಚ್ಚರಿಕೆ ಮುಖ್ಯ. ಗಲ್ಫಿನಲ್ಲಿ ಕೊಂಡ ಥುರಾಯಾ, ಇರಿಡಿಯಂ ಫೋನನ್ನೋ ಗಾರ್ಮಿನ್ ಇನ್‌ರೀಚ್‌ನಂಥ ಸಾಧನವನ್ನೋ ರಜೆಯಲ್ಲಿ ಊರಿಗೆ ತರಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದಿದ್ದಾರೆ. ಅಲ್ಲಿಯೇ ಗೆಳೆಯನ ಹತ್ತಿರ ಬಿಟ್ಟು ಬನ್ನಿ.

ಇದು ಒಂದೊಂದು ಮನೆಯಿಂದ ಆಗುವ ಕೆಲಸವಲ್ಲ. ಗಲ್ಫಿನ ಊರೂರುಗಳಲ್ಲಿ ನಮ್ಮವರ ಸಂಘಟನೆಗಳಿವೆ. ರಕ್ತದಾನ, ಮಯ್ಯಿತ್ ಊರಿಗೆ ಕಳಿಸುವ ವ್ಯವಸ್ಥೆ, ಎಲ್ಲ ಚೆನ್ನಾಗಿ ಮಾಡುತ್ತಾರೆ. ಮಯ್ಯಿತ್ ಕಳಿಸುವಷ್ಟೇ ಮುತುವರ್ಜಿ ಜೀವಂತ ಮನುಷ್ಯನನ್ನು ಹುಡುಕುವುದರಲ್ಲೂ ಇರಲಿ. ಒಂದೊಂದು ಘಟಕ ಎರಡು ಮೂರು ಉಪಗ್ರಹ ಸಾಧನ ಕೊಂಡು, ಆಯಾ ದೇಶದ ನಿಯಮ ಕೇಳಿ, ಮರಳಿನ ಕೆಲಸಕ್ಕೆ ಹೋಗುವವರಿಗೆ ಎರವಲು ಕೊಡಬಹುದು. ಸರತಿಯಲ್ಲಿ ಒಬ್ಬರು ಆ ಚುಕ್ಕಿ ನೋಡಿಕೊಳ್ಳಬಹುದು. ದುಬೈಯ ಗಲ್ಫ್ ನ್ಯೂಸ್ ಪತ್ರಿಕೆಯವರು ನಡೆಸುತ್ತಾ ಬಂದ ಮರಳಿನ ಫನ್ ಡ್ರೈವ್‌ಗೆ ಭಾರತೀಯ ಕುಟುಂಬಗಳೂ ಹೋಗಿವೆ. ಅಲ್ಲಿ ಮುಂದೆ ಹಿಂದೆ ಮಾರ್ಷಲ್‌ಗಳು, ಗುರುತು ಹಾಕಿದ ದಾರಿ. ವಿನೋದಕ್ಕೆ ಇಷ್ಟು ಏರ್ಪಾಡು ಮಾಡಬಲ್ಲವರು ವರ್ಷಪೂರ್ತಿ ದುಡಿಮೆಗೆ ಸ್ವಲ್ಪವಾದರೂ ಮಾಡಲಾರರೇ?

ಮರಳಿನಲ್ಲಿ ಹೋಗುವವನನ್ನು ಕಾಯುವ ಯೋಚನೆ ಆ ನಾಡಿಗೆ ಹಳೆಯದು. ಖಲೀಫ ಹಾರೂನ್ ರಶೀದರ ಪತ್ನಿ ಝುಬೈದಾ ಅವರ ಹೆಸರಿನಲ್ಲೇ ಇರುವ 'ದರ್ಬ್ ಝುಬೈದಾ' ಇರಾಕಿನ ಕೂಫಾದಿಂದ ಮಕ್ಕಾಕ್ಕೆ ಹೋಗುವ ಹಜ್ ದಾರಿ. ಸಾವಿರ ಕಿಲೋಮೀಟರಿಗೂ ಮಿಕ್ಕಿದ ಆ ಹಾದಿಯಲ್ಲಿ ಬಾವಿ, ಕೆರೆ, ತಂಗುದಾಣ, ದೂರ ತಿಳಿಸುವ ಕಲ್ಲುಗಳಿದ್ದವು. ಅವುಗಳ ಅವಶೇಷ ಈಗಲೂ ಸೌದಿಯಲ್ಲಿ ನೋಡಲು ಸಿಗುತ್ತದೆ. ಆಗ ಉಪಗ್ರಹ ಇರಲಿಲ್ಲ. ದಾರಿಹೋಕನ ನೀರಿಗೆ, ನೆರಳಿಗೆ, ಗುರುತಿಗೆ ಯಾರೋ ಒಬ್ಬರು ಹೊಣೆ ಹೊತ್ತಿದ್ದರು. ಈಗ ಎಲ್ಲವೂ ಕೈಯಲ್ಲಿದೆ. ಹೊಣೆ ಹೊರುವವರನ್ನು ಹೆಸರು ಹಿಡಿದು ಗೊತ್ತು ಮಾಡುವುದಷ್ಟೇ ಬಾಕಿ. ಮುಂದಿನ ಬಾರಿ ನಿಮ್ಮ ಮನೆಯಿಂದ ಯಾರಾದರೂ ಹೊರಡುವಾಗ, ಪೆಟ್ಟಿಗೆ ಕಟ್ಟುವ ಮುಂಚೆ ಆ ಮೂರು ಪ್ರಶ್ನೆ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ.